ಜೋಕರ್ ಬಳ್ಳಾರಿಗೆ ಬಂದರೆ ಅವನನ್ನು ಎಷ್ಟು ಬದಲಾಯಿಸಬಹುದು?

ಓದುಗರ ಪ್ರಶ್ನೆ: ನಾವು ಬಳ್ಳಾರಿಯ ಕಾಲೇಜು ಗೆಳೆಯರು. ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ ಜೋಕರ್ ಮೇಲೆ ಹತ್ತು ನಿಮಿಷದ ಅಭಿಮಾನಿ ಚಿತ್ರ ಮಾಡಬೇಕೆಂದಿದ್ದೇವೆ. ಕೈಯಲ್ಲಿರುವುದು ಒಂದು ಮೊಬೈಲ್, ಬಾಡಿಗೆ ಮೈಕ್ ಮತ್ತು ಸ್ವಲ್ಪ ಹಣ. ಮೂಲ ಪಾತ್ರವನ್ನು ಎಷ್ಟು ಬದಲಾಯಿಸಬಹುದು? ಬದಲಾಯಿಸಿದರೆ ಅಭಿಮಾನಿಗಳು ಬೈಯುವುದಿಲ್ಲವೇ?

ಉತ್ತರ: ಕಾಮಿಕ್ಸ್ ಖಳರ ಬಗ್ಗೆ ಚಿತ್ರ ಮಾಡಲು ಹೊರಟವರೆಲ್ಲ ಮೊದಲು ಕೇಳುವುದೇ ಇದನ್ನು. ನನ್ನ ಉತ್ತರ ನೇರವಾದದ್ದು. ಊರು, ಉಡುಪು, ವಯಸ್ಸು, ಕಸುಬು, ಮಾತು, ಹುಟ್ಟಿದ ಕಥೆ ಎಲ್ಲವನ್ನೂ ಬದಲಾಯಿಸಿ. ಅವನ ಛಲವನ್ನು ಮಾತ್ರ ಮುಟ್ಟಬೇಡಿ. ಜೋಕರ್‌ಗೆ ಹಣದ ಆಸೆಯಿಲ್ಲ, ಕುರ್ಚಿಯ ಆಸೆಯೂ ಇಲ್ಲ. ಎದುರಿಗೆ ನಿಂತಿರುವ ಶಿಸ್ತಿನ ಮನುಷ್ಯ ಒಳಗೊಳಗೆ ತನ್ನಂತೆಯೇ ಇದ್ದಾನೆ ಎಂದು ಅವನು ತೋರಿಸಿಕೊಡಬೇಕು, ಅಷ್ಟೇ. ಆ ಹಟ ಉಳಿದರೆ ಅವನು ಲುಂಗಿ ಉಟ್ಟು ಬಂದರೂ ಜೋಕರ್. ಅದು ಹೋದರೆ ನೇರಳೆ ಕೋಟು ತೊಡಿಸಿದರೂ ಅವನು ಬಣ್ಣ ಬಳಿದುಕೊಂಡ ಇನ್ನೊಬ್ಬ ರೌಡಿ.

ನೀವು ‘ಮೂಲ’ ಎಂದು ಹೆದರುತ್ತಿರುವುದು ಏನು ಎಂಬುದನ್ನು ಒಮ್ಮೆ ನೋಡೋಣ. 1940ರಲ್ಲಿ ಬ್ಯಾಟ್‌ಮ್ಯಾನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಜೋಕರ್ ಕಾಣಿಸಿಕೊಂಡಾಗ ಅವನಿಗೆ ಹಿಂದಿನ ಕಥೆಯೇ ಇರಲಿಲ್ಲ. ಕೆಂಪು ಮುಸುಕು ಹಾಕಿದ ಕಳ್ಳನೊಬ್ಬ ರಾಸಾಯನಿಕದಲ್ಲಿ ಬಿದ್ದು ಬಿಳಿ ಚರ್ಮ, ಹಸಿರು ಕೂದಲಿನ ಜೋಕರ್ ಆದ ಎಂಬ ಕಥೆ ಬಂದದ್ದು 1951ರಲ್ಲಿ. 1988ರ ‘ದ ಕಿಲ್ಲಿಂಗ್ ಜೋಕ್’ ಕಾಮಿಕ್ ಅವನನ್ನು ಸೋತ ಹಾಸ್ಯಗಾರನನ್ನಾಗಿ ಮಾಡಿತು, ಜೊತೆಗೆ ಆ ನೆನಪೂ ನಿಜವೋ ಸುಳ್ಳೋ ತನಗೇ ಖಚಿತವಿಲ್ಲವೆಂದು ಅವನ ಬಾಯಿಂದಲೇ ಹೇಳಿಸಿತು. ಮರುವರ್ಷದ ‘ಬ್ಯಾಟ್‌ಮ್ಯಾನ್’ ಸಿನಿಮಾ ಬ್ರೂಸ್ ವೇನ್‌ನ, ಅಂದರೆ ಬ್ಯಾಟ್‌ಮ್ಯಾನ್‌ನ, ತಂದೆತಾಯಿಯನ್ನು ಕೊಂದವನೇ ಜೋಕರ್ ಎಂದಿತು. ಕಾಮಿಕ್ಸ್‌ನಲ್ಲಿ ಆ ಕೊಲೆ ಮಾಡಿದವನು ಜೋ ಚಿಲ್ ಎಂಬ ಬೇರೆಯೇ ವ್ಯಕ್ತಿ. 2008ರ ‘ದ ಡಾರ್ಕ್ ನೈಟ್’ ಸಿನಿಮಾದಲ್ಲಿ ಅವನ ಚರ್ಮ ಬೆಳ್ಳಗಾಗಿರಲೇ ಇಲ್ಲ, ಮುಖಕ್ಕೆ ಬಣ್ಣ ಬಳಿದುಕೊಂಡಿದ್ದ. ಬಾಯಿಯ ಗಾಯ ಹೇಗಾಯಿತೆಂದು ಇಬ್ಬರಿಗೆ ಎರಡು ಕಥೆ ಹೇಳಿದ. ಇಷ್ಟೆಲ್ಲ ಬದಲಾದರೂ ಜೋಕರ್‌ನನ್ನು ಯಾರೂ ಗುರುತು ತಪ್ಪಲಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ಬ್ಯಾಟ್‌ಮ್ಯಾನ್‌ನ ಇನ್ನೊಬ್ಬ ಖಳ ಮಿಸ್ಟರ್ ಫ್ರೀಜ್. 1959ರಲ್ಲಿ ಮಿಸ್ಟರ್ ಝೀರೋ ಎಂಬ ಹೆಸರಿನಲ್ಲಿ ಬಂದಾಗ ಅವನು ಹಿಮದ ಬಂದೂಕು ಹಿಡಿದ ಸಾಮಾನ್ಯ ಕಳ್ಳ. ಕಾಯಿಲೆ ಬಿದ್ದ ಹೆಂಡತಿ ನೋರಾಳನ್ನು ಹಿಮದಲ್ಲಿ ಉಳಿಸಿಕೊಂಡು ಕಾಯುವ ವಿಜ್ಞಾನಿ ಎಂಬ, ಇಂದು ಎಲ್ಲರೂ ನೆನೆಯುವ ಕಥೆಯನ್ನು ಅವನಿಗೆ ಕೊಟ್ಟದ್ದು 1992ರ ಟಿವಿ ಕಾರ್ಟೂನ್ ಸರಣಿ. ಮುಂದೆ ಕಾಮಿಕ್ಸ್ ಅದನ್ನೇ ತನ್ನದಾಗಿಸಿಕೊಂಡಿತು. ಜೋಕರ್‌ನ ಜೊತೆಗಾತಿ ಹಾರ್ಲಿ ಕ್ವಿನ್ ಹುಟ್ಟಿದ್ದೂ ಅದೇ ಸರಣಿಯಲ್ಲಿ. ಅಂದರೆ ಒಳ್ಳೆಯ ಬದಲಾವಣೆ ಕೊನೆಗೆ ಮೂಲವನ್ನೇ ತಿದ್ದುತ್ತದೆ. ಫ್ರೀಜ್‌ನ ವಿಷಯದಲ್ಲಿ ಏನು ಬದಲಾಯಿತು, ಏನು ಉಳಿಯಿತು ಗಮನಿಸಿ. ಚಳಿ ಹಾಗೆಯೇ ಉಳಿಯಿತು, ಅದಕ್ಕೊಂದು ಕಾರಣ ಸೇರಿತು. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ, ಐಸ್ ಫ್ಯಾಕ್ಟರಿ ಬಿಟ್ಟು ಹೊರಗೆ ಕಾಲಿಡಲಾಗದ ಫ್ರೀಜ್‌ನನ್ನು ಯಾರಾದರೂ ಮಾಡಲಿ ಎಂಬ ಆಸೆ ನನಗೆ ಬಹಳ ದಿನಗಳಿಂದ ಇದೆ. ಊರೇ ಅವನ ಎದುರಾಳಿ, ಸೆಟ್ಟಿನ ಖರ್ಚಿಲ್ಲ.

ಖಳನನ್ನು ಹೊಸದಾಗಿ ಬರೆಯುವುದು ಕನ್ನಡಕ್ಕೆ ಅಪರಿಚಿತವೇನಲ್ಲ. ಹತ್ತನೆಯ ಶತಮಾನದ ರನ್ನ ಭೀಮನನ್ನು ನಾಯಕನನ್ನಾಗಿ ಇಟ್ಟುಕೊಂಡು ‘ಗದಾಯುದ್ಧ’ ಬರೆದ. ಆದರೆ ರಣರಂಗದಲ್ಲಿ ಸತ್ತ ತನ್ನವರನ್ನು ಒಬ್ಬೊಬ್ಬರಾಗಿ ನೋಡುತ್ತಾ ಅಳುವ ದುರ್ಯೋಧನನೇ ಓದುಗರ ಎದೆಯಲ್ಲಿ ಉಳಿದ. ರನ್ನ ಅವನಿಗೆ ಕಣ್ಣೀರು ಕೊಟ್ಟ, ಛಲವನ್ನು ಕಿತ್ತುಕೊಳ್ಳಲಿಲ್ಲ. ಅಷ್ಟು ಅತ್ತಮೇಲೂ ದುರ್ಯೋಧನ ಸಂಧಿಗೆ ಒಪ್ಪುವುದಿಲ್ಲ.

ಈಗ ನಿಮ್ಮ ಜೋಕರ್. ಅವನು ಬೀಳಬೇಕಾದ ರಾಸಾಯನಿಕದ ತೊಟ್ಟಿಗಾಗಿ ಬ್ಯಾಟ್‌ಮ್ಯಾನ್‌ನ ಕಲ್ಪಿತ ನಗರ ಗಾಥಮ್‌ಗೆ ಹೋಗಬೇಕಿಲ್ಲ. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಹೊಲಿದ ಪ್ಯಾಂಟನ್ನು ಹಳೆಯದರಂತೆ ಮಾಸಿಸುವ ವಾಷಿಂಗ್ ಯೂನಿಟ್‌ಗಳಿರುವ ಊರು. ಪ್ಯಾಂಟಿನ ತೊಡೆ, ಮೊಣಕಾಲಿನ ಭಾಗ ಬೆಳ್ಳಗೆ ಕಾಣಲು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಸಿಂಪಡಿಸುವ ವಿಧಾನವೊಂದಿದೆ. ಸಿಂಪಡಿಸುವಾಗ ಅದು ಕಡು ನೇರಳೆ. ಒಣಗುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಮೆಟಾಬೈಸಲ್ಫೈಟ್ ಬೆರೆಸಿದ ನೀರಿನಲ್ಲಿ ತೊಳೆದಾಗ ಕಂದು ಕಳೆದು ಬಿಳಿ ಉಳಿಯುತ್ತದೆ. ನೇರಳೆ ಕೋಟು, ಬಿಳಿ ಮುಖ: ಜೋಕರ್‌ನ ಎರಡೂ ಬಣ್ಣಗಳು ನಿಮ್ಮ ಊರಿನ ಕಸುಬಿನಲ್ಲೇ ಸಿದ್ಧವಾಗಿ ಕುಳಿತಿವೆ! ಕೋಟು ಬಾಡಿಗೆಗೆ ತರಬೇಡಿ. ನೇರಳೆ ಕಲೆ ಬಿದ್ದ ಹಳೆಯ ಡೆನಿಮ್ ಅಂಗಿ ಸಾಕು.

ಇಲ್ಲೊಂದು ಮುಖ್ಯ ಮಾತಿದೆ. ಆ ದ್ರಾವಣ ಮೈಮೇಲೆ ಬಿದ್ದರೆ ಚರ್ಮಕ್ಕೆ ಕಂದು ಕಲೆಯಾಗುತ್ತದೆ, ಹಾನಿಯೂ ಆಗುತ್ತದೆ, ಆದರೆ ಯಾರೂ ಬೆಳ್ಳಗಾಗುವುದಿಲ್ಲ. ಮುಖ ಬೆಳ್ಳಗಾಯಿತು ಎಂದು ತೋರಿಸುವುದು ನೀವು ತೆಗೆದುಕೊಳ್ಳುವ ಸ್ವಾತಂತ್ರ್ಯ, ತೆಗೆದುಕೊಳ್ಳಿ. ಆದರೆ ಅದರ ಸುತ್ತಲಿನದೆಲ್ಲ ನಿಜವಾಗಿರಲಿ. ಮೊದಲು ನೇರಳೆ, ಆಮೇಲೆ ಕಂದು, ಕೊನೆಗೆ ಬಿಳಿ ಎಂಬ ಕ್ರಮ ತಪ್ಪಬಾರದು. ಕೆಲಸಗಾರನ ಕೈಗವಸು, ಒದ್ದೆ ನೆಲ, ಯಂತ್ರದ ಸದ್ದು ಸರಿಯಾಗಿರಬೇಕು. ಹತ್ತು ಸಣ್ಣ ಸಂಗತಿಗಳು ನಿಜವಾದಾಗ ಒಂದು ದೊಡ್ಡ ಸುಳ್ಳನ್ನು ನೋಡುಗ ಸಂತೋಷದಿಂದ ಒಪ್ಪುತ್ತಾನೆ. ಸಣ್ಣವೇ ತಪ್ಪಿದರೆ ಆ ಕೆಲಸ ಮಾಡಿ ಬಲ್ಲವರು ಮೊದಲ ನಿಮಿಷದಲ್ಲೇ ಮೊಬೈಲ್ ಕೆಳಗಿಡುತ್ತಾರೆ. ಚಿತ್ರೀಕರಣಕ್ಕೆ ನಿಜವಾದ ರಾಸಾಯನಿಕ ಬೇಡವೇ ಬೇಡ, ಬೀಟ್‌ರೂಟ್ ನೀರಿಗೆ ಸ್ವಲ್ಪ ನೀಲಿ ಆಹಾರ ಬಣ್ಣ ಬೆರೆಸಿದರೆ ಕ್ಯಾಮೆರಾಗೆ ಸಾಕು. ಇನ್ನೊಂದು ಕೋರಿಕೆ. ಸುಟ್ಟ ಮುಖವನ್ನು ಭಯ ಹುಟ್ಟಿಸುವ ವಸ್ತುವಾಗಿ ಬಳಸಬೇಡಿ. ಆಸಿಡ್ ದಾಳಿಗೆ ಒಳಗಾದವರು, ಕೆಲಸದಲ್ಲಿ ಮೈ ಸುಟ್ಟುಕೊಂಡವರು ನಮ್ಮ ನಡುವೆಯೇ ಇದ್ದಾರೆ. ಹೆದರಿಸಬೇಕಾದದ್ದು ಅವನು ಮಾಡುವ ಕೆಲಸ, ಅವನ ಚರ್ಮವಲ್ಲ.

ಹುಟ್ಟಿನ ಕಥೆಯನ್ನೇ ಹತ್ತು ನಿಮಿಷ ಹೇಳುವ ಚಪಲ ಬಿಡಿ. 2019ರ ‘ಜೋಕರ್’ ಸಿನಿಮಾ ಬಂದಮೇಲೆ ಖಳ ಎಂದರೆ ಬಾಲ್ಯದ ನೋವು, ಮಳೆ, ಪಿಯಾನೋ ಎಂಬ ಅಭ್ಯಾಸ ಬೆಳೆದಿದೆ. ಅಲ್ಲಿ ಒಬ್ಬ ಮನುಷ್ಯ ನಿಧಾನವಾಗಿ ಕುಸಿಯುವುದನ್ನು ತೋರಿಸಲು ಎರಡು ಗಂಟೆ ಇತ್ತು. ನಿಮಗೆ ಅಷ್ಟು ಹೊತ್ತಿಲ್ಲ.

ಬದಲಿಗೆ ನಿಮ್ಮ ಸೀಮೆಯ ದೊಡ್ಡಾಟದಿಂದ ಒಂದು ಉಪಾಯ ಎರವಲು ಪಡೆಯಿರಿ. ದೊಡ್ಡಾಟದಲ್ಲಿ ಭುಜಕೀರ್ತಿ, ಕಿರೀಟ ತೊಟ್ಟ ಪಾತ್ರ ಕುಣಿಯುತ್ತಾ ರಂಗಕ್ಕೆ ಬಂದರೆ ಆಟ ನಡೆಸಿಕೊಡುವ ಸಾರಥಿ ಎದುರು ನಿಂತು ತಾವು ಯಾರು, ಯಾವ ಪಟ್ಟಣ ಆಳುವವರು ಎಂದು ಕೇಳುತ್ತಾನೆ. ಪಾತ್ರ ತನ್ನ ಪ್ರತಾಪವನ್ನು ತಾನೇ ಹೇಳಿಕೊಳ್ಳುತ್ತದೆ. ನೆನಪಿನ ದೃಶ್ಯ ಬೇಡ, ಹಿನ್ನೆಲೆ ಧ್ವನಿ ಬೇಡ, ನೋಡುಗನಿಗೆ ಎಲ್ಲ ಗೊತ್ತಾಗುತ್ತದೆ. ನಿಮ್ಮ ಜೋಕರ್‌ಗೆ ಮೂವರು ಸಾರಥಿಗಳನ್ನು ಕೊಡಿ. ಚಹಾ ಅಂಗಡಿಯ ಅಜ್ಜ ‘ಯಾರಪ್ಪಾ ನೀನು, ಯಾವ ಊರು?’ ಎಂದಾಗ ಕನ್ನಡದಲ್ಲಿ ಒಂದು ಕಥೆ. ಆಟೋ ಚಾಲಕನಿಗೆ ತೆಲುಗಿನಲ್ಲಿ ಇನ್ನೊಂದು. ದರ್ಜಿಯ ಅಂಗಡಿಯಲ್ಲಿ ಉರ್ದುವಿನಲ್ಲಿ ಮತ್ತೊಂದು. ಮೂರೂ ಭಾಷೆ ದಿನವಿಡೀ ಕಿವಿಗೆ ಬೀಳುವ ಬಳ್ಳಾರಿಯಲ್ಲಿ ಇದು ಕೃತಕ ಎನಿಸುವುದಿಲ್ಲ. ಮೂರು ಕಥೆಗಳಲ್ಲಿ ಯಾವುದು ನಿಜ ಎಂದು ಕೊನೆಯವರೆಗೂ ಹೇಳಬೇಡಿ. ಪಾತ್ರಕ್ಕೆ ಇದಕ್ಕಿಂತ ನಿಷ್ಠವಾದ ಬದಲಾವಣೆ ನನಗೆ ತೋಚುತ್ತಿಲ್ಲ, ಖರ್ಚು ಮೂರು ಲೋಟ ಚಹಾ. ನಟನಿಗೆ ಕಿರುಚಲು ಹೇಳಬೇಡಿ. ಕೂಗಾಟ ಬಿಟ್ಟು ಸಹಜವಾಗಿ ಅಭಿನಯಿಸಿ ಹೆಸರಾದ ಬಳ್ಳಾರಿ ರಾಘವರ ಊರಿನವರು ನೀವು.

ಮೇಕಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿಲಿಗೆ ಬಣ್ಣ ಕರಗುತ್ತದೆ, ಮೇಲೆ ಪೌಡರ್ ಹಾಕಿ, ಬೆಳಗಿನ ಜಾವ ಅಥವಾ ರಾತ್ರಿ ಚಿತ್ರೀಕರಿಸಿ. ಕರಗಿದರೂ ಅದನ್ನೇ ಬಳಸಿಕೊಳ್ಳಿ. ಕೋಟೆಯ ಗುಡ್ಡದ ಮೇಲೆ ಚಿತ್ರೀಕರಿಸುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬೀದಿಯಲ್ಲಿ ಆಟಿಕೆ ಬಂದೂಕು ಹಿಡಿಯುವ ಮುನ್ನ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.

ಅಭಿಮಾನಿಗಳ ಬೈಗುಳಕ್ಕಿಂತ ಕಾನೂನಿನ ಬಗ್ಗೆ ಯೋಚಿಸುವುದು ಒಳ್ಳೆಯದು. ‘ಇದು ಅಭಿಮಾನಿಗಳ ಚಿತ್ರ, ಲಾಭಕ್ಕಾಗಿ ಅಲ್ಲ’ ಎಂದು ಮೊದಲಿಗೆ ಬರೆದರೆ ರಕ್ಷಣೆ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ವೈಯಕ್ತಿಕ ಬಳಕೆ, ವಿಮರ್ಶೆ ಮುಂತಾದವಕ್ಕೆ ಅವಕಾಶ ಕೊಡುತ್ತದೆ, ಆದರೆ ಅಭಿಮಾನಿ ಚಿತ್ರಕ್ಕೆಂದು ಪ್ರತ್ಯೇಕ ರಿಯಾಯಿತಿ ಅಲ್ಲಿಲ್ಲ. ಅಮೆರಿಕದ ಈಗಿನ ಕಾನೂನಿನಂತೆ 1940ರ ಆ ಮೊದಲ ಸಂಚಿಕೆಯ ಹಕ್ಕು ಮುಗಿಯುವುದು 2035ರ ಕೊನೆಗೆ. ಹಣ ಎತ್ತಿದಷ್ಟೂ ಅಪಾಯ ಹೆಚ್ಚು. ಅಮೆರಿಕದ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಅಭಿಮಾನಿಗಳು ಹತ್ತು ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹಿಸಿ ಚಿತ್ರಕ್ಕೆ ಕೈಹಾಕಿದಾಗ 2015ರ ಡಿಸೆಂಬರ್‌ನಲ್ಲಿ ಮೊಕದ್ದಮೆ ಬಿತ್ತು, 2017ರಲ್ಲಿ ರಾಜಿಯಾಯಿತು. ಜೋಕರ್‌ನನ್ನೇ ವಿಡಂಬನೆಯಾಗಿ ಬಳಸಿದ ‘ದ ಪೀಪಲ್ಸ್ ಜೋಕರ್’ 2022ರ ಟೊರಾಂಟೊ ಚಿತ್ರೋತ್ಸವದಲ್ಲಿ ಒಂದೇ ಪ್ರದರ್ಶನ ಕಂಡು ಹಕ್ಕಿನ ತಕರಾರಿನಿಂದ ಹಿಂದೆ ಸರಿಯಿತು, ಚಿತ್ರಮಂದಿರಕ್ಕೆ ಬಂದದ್ದು 2024ರಲ್ಲಿ. ನೀವು ಚಂದಾ ಎತ್ತಬೇಡಿ, ಟಿಕೆಟ್ ಇಡಬೇಡಿ, ಮೂಲ ಸಿನಿಮಾಗಳ ಸಂಗೀತ ಹಾಕಬೇಡಿ. ಯೂಟ್ಯೂಬ್‌ನಲ್ಲಿ ಮೊದಲು ಸಿಕ್ಕಿಬೀಳುವುದು ಸಂಗೀತವೇ.

ಬರವಣಿಗೆ ಮುಗಿದಮೇಲೆ ಒಂದು ಪ್ರಯೋಗ ಮಾಡಿ. ಚಿತ್ರಕಥೆಯಲ್ಲಿ ಜೋಕರ್, ಬ್ಯಾಟ್‌ಮ್ಯಾನ್, ಗಾಥಮ್ ಎಂಬ ಹೆಸರುಗಳನ್ನೆಲ್ಲ ಹೊಡೆದುಹಾಕಿ, ಕಾಮಿಕ್ಸ್ ಓದದ ಒಬ್ಬರಿಗೆ ಓದಲು ಕೊಡಿ. ‘ಈ ಮನುಷ್ಯನಿಗೆ ಏನು ಬೇಕು?’ ಎಂದು ಕೇಳಿ. ಅವರು ತಡವರಿಸಿದರೆ ನಿಮ್ಮ ಪಾತ್ರ ಇನ್ನೂ ಎರವಲು ಹೆಸರಿನ ಬಲದ ಮೇಲೆ ನಿಂತಿದೆ, ಮತ್ತೆ ಬರೆಯಿರಿ. ಸರಿಯಾಗಿ ಹೇಳಿದರೆ ಆ ಹೆಸರನ್ನು ಬಿಟ್ಟುಬಿಡುವ ಬಗ್ಗೆಯೂ ಯೋಚಿಸಬಹುದು. ಆರ್. ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಕಲ್ಪನೆಯ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಇದೆ. ಹೆಸರಿನ ಜೊತೆಗೆ ಹಸಿರು ಕೂದಲು, ಕೆಂಪು ಬಾಯಿಯ ನಗೆಯನ್ನೂ ಬಿಟ್ಟು, ನೇರಳೆ ಕಲೆಯ ಅಂಗಿ ತೊಟ್ಟ, ಮೂರು ಭಾಷೆಯಲ್ಲಿ ಮೂರು ಸುಳ್ಳು ಹೇಳುವ ವಾಷಿಂಗ್ ಯೂನಿಟ್ ಕೆಲಸಗಾರನನ್ನು ಉಳಿಸಿಕೊಂಡರೆ ಅವನು ನಿಮ್ಮ ಸ್ವಂತದವನು. ಅವನ ಚಿತ್ರವನ್ನು ಸ್ಪರ್ಧೆಗಳಿಗೆ ಕಳುಹಿಸಬಹುದು, ಸೆನ್ಸಾರ್ ಪ್ರಮಾಣಪತ್ರ ಪಡೆದು ಟಿಕೆಟ್ ಇಟ್ಟೂ ತೋರಿಸಬಹುದು.