ಎಂಟರ ಗೆರೆ, ಹತ್ತರ ಜರಡಿ: ಸರ್ಕಾರಿ ಪ್ರೌಢಶಾಲೆ ನಡೆದು ಬಂದ ದಾರಿ

ಕರ್ನಾಟಕದ ಬಹಳಷ್ಟು ಹಳ್ಳಿಗಳಲ್ಲಿ ಏಳನೆಯ ತರಗತಿ ಮುಗಿಸಿದ ಮಗು ಊರ ಶಾಲೆ ಬಿಟ್ಟು ಹೋಬಳಿ ಕೇಂದ್ರದ್ದೋ ಪಕ್ಕದ ದೊಡ್ಡೂರಿನದ್ದೋ ಹೈಸ್ಕೂಲಿಗೆ ಹೋಗಬೇಕು. ನಮ್ಮಲ್ಲಿ ಪ್ರೌಢಶಾಲೆ ಎಂದರೆ ಎಂಟರಿಂದ ಹತ್ತು. ಕಾನೂನಿನ ಲೆಕ್ಕವೇ ಬೇರೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಅಂದರೆ ಎಂಟನೆಯ ತರಗತಿಯವರೆಗೆ ಮಾತ್ರ. ಹೀಗಾಗಿ ಒಂದೇ ಹೈಸ್ಕೂಲಿನಲ್ಲಿ ಎಂಟನೆಯ ತರಗತಿಯವರಿಗೆ ಶಿಕ್ಷಣ ಮೂಲಭೂತ ಹಕ್ಕು. ಗೋಡೆಯಾಚೆ ಕುಳಿತ ಒಂಬತ್ತರವರಿಗೆ ಅದು ಸರ್ಕಾರ ಕೈಗೊಂಡ ಒಂದು ಯೋಜನೆ.

ಈ ಗೆರೆ ಎಳೆದದ್ದು ಇತ್ತೀಚಿನ ಯಾರೋ ಅಧಿಕಾರಿಯಲ್ಲ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಹೈಸ್ಕೂಲು ಅವುಗಳ ಹೊಸ್ತಿಲಾಯಿತು, ಮೆಟ್ರಿಕ್ಯುಲೇಷನ್ ಎಂಬ ಪ್ರವೇಶ ಪರೀಕ್ಷೆ ಅದರ ಬೀಗವಾಯಿತು. ಬ್ರಿಟಿಷ್ ಸರ್ಕಾರ ನೇಮಿಸಿದ 1882ರ ಹಂಟರ್ ಶಿಕ್ಷಣ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರಾಥಮಿಕ ಶಿಕ್ಷಣವನ್ನು ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳಲಿ, ಪ್ರೌಢಶಿಕ್ಷಣದಿಂದ ಸರ್ಕಾರ ಮೆಲ್ಲಗೆ ಹಿಂದೆ ಸರಿದು, ಅನುದಾನ ಕೊಟ್ಟು ಖಾಸಗಿಯವರಿಗೆ ಬಿಡಲಿ ಎಂಬುದು ಅದರ ಶಿಫಾರಸು. ಕೊಡುವ ಕೈ ಸರ್ಕಾರದ್ದು, ಕಟ್ಟುವ ಕೈ ಬೇರೆಯವರದ್ದು. ‘ಅನುದಾನಿತ’ ಎಂಬ ಪದ ಇಂದಿಗೂ ನಮ್ಮ ಶಾಲೆಗಳ ಫಲಕದ ಮೇಲಿರುವುದಕ್ಕೆ ಈ ಪದ್ಧತಿಯೇ ಮೂಲ.

ಇದರಿಂದ ಕೆಟ್ಟದ್ದೇ ಆಯಿತೆಂದು ಹೇಳಲಾಗದು. ಮಿಷನರಿಗಳು, ಮಠಗಳು, ಸಮುದಾಯದ ಸಂಘಗಳು ಹೈಸ್ಕೂಲುಗಳನ್ನು ಕಟ್ಟಿದವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಆರಂಭಿಸಿದ ಶಾಲೆಯಿಂದಲೇ ಕೆಎಲ್‌ಇ ಸಂಸ್ಥೆ ಬೆಳೆಯಿತು. ಆದರೆ ಕಟ್ಟುವವರು ಇದ್ದ ಕಡೆ ಶಾಲೆ ಬಂತು, ಇಲ್ಲದ ಕಡೆ ಬರಲಿಲ್ಲ. ಯಾವ ಊರಿಗೆ ಹೈಸ್ಕೂಲು ಬೇಕು ಎಂಬ ಪ್ರಶ್ನೆಯನ್ನು ಸರ್ಕಾರ ತನಗೆ ತಾನೇ ಕೇಳಿಕೊಳ್ಳುವ ಅಗತ್ಯವೇ ಬಹುಕಾಲ ಬೀಳಲಿಲ್ಲ.

ಸ್ವಾತಂತ್ರ್ಯ ಬಂದಾಗಲೂ ಸಂವಿಧಾನದ 45ನೆಯ ವಿಧಿ 14 ವರ್ಷಕ್ಕೇ ನಿಂತಿತು. ಬಡ ದೇಶಕ್ಕೆ ಅಕ್ಷರವೇ ಮೊದಲು ಎಂಬ ತರ್ಕ ಆಗ ಸರಿಯಾಗಿಯೇ ಇತ್ತು. 1952–53ರ ಮುದಲಿಯಾರ್ ಆಯೋಗ ಪ್ರೌಢಶಿಕ್ಷಣವನ್ನೇ ಕೈಗೆತ್ತಿಕೊಂಡು, ಪಾಠವೆಲ್ಲ ಪರೀಕ್ಷೆಯ ಬೆನ್ನು ಹತ್ತಿದೆ ಎಂದು ದೂರಿತು. ಕೃಷಿ, ತಾಂತ್ರಿಕ, ವಾಣಿಜ್ಯ ವಿಷಯಗಳನ್ನೂ ಕಲಿಸುವ ವಿವಿಧೋದ್ದೇಶ ಶಾಲೆಗಳನ್ನು ಸೂಚಿಸಿತು. ಅವು ತೆರೆದವು, ಬೇರು ಬಿಡಲಿಲ್ಲ. ಅಂಥ ವಿಷಯ ಕಲಿಸುವ ಶಿಕ್ಷಕರು ಸಾಕಷ್ಟು ಇರಲಿಲ್ಲ. ಮಗನನ್ನು ಹೈಸ್ಕೂಲಿಗೆ ಕಳಿಸುವ ತಂದೆಗೆ ಬೇಕಿದ್ದದ್ದು ಕಾಲೇಜಿನ ದಾರಿ, ಗರಗಸವಲ್ಲ. 1964–66ರ ಕೊಠಾರಿ ಆಯೋಗದಿಂದ 10+2+3 ಚೌಕಟ್ಟು ಉಳಿಯಿತು: ಹತ್ತು ವರ್ಷ ಶಾಲೆ, ಎರಡು ವರ್ಷ ಪಿಯುಸಿ, ಮೂರು ವರ್ಷ ಪದವಿ. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡಿ ಎಂಬ ಅದರ ಮಾತನ್ನು ಪ್ರತಿ ನೀತಿಯೂ ನಮಸ್ಕರಿಸಿ ಮುಂದೆ ಹೋಗಿದೆ.

ಪ್ರಾಥಮಿಕ ಶಾಲೆಗಳು ತುಂಬಿದ ಮೇಲೆ ಒತ್ತಡ ಮೇಲಕ್ಕೆ ಬಂತು. 2009ರಲ್ಲಿ ಬಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ 5 ಕಿಲೋಮೀಟರ್ ಒಳಗೊಂದು ಪ್ರೌಢಶಾಲೆ ಎಂಬ ಅಳತೆ ಇಟ್ಟಿತು. ಎಂಟನೆಯ ತರಗತಿಯೂ ಇದ್ದ ಪ್ರಾಥಮಿಕ ಶಾಲೆಗೆ ಒಂಬತ್ತು, ಹತ್ತು ಸೇರಿಸಿ ‘ಉನ್ನತೀಕರಿಸುವುದು’ ಸುಲಭದ ದಾರಿಯಾಯಿತು. ಆದೇಶ ಒಂದೇ ದಿನದಲ್ಲಿ ಬರುತ್ತದೆ; ಗಣಿತ, ವಿಜ್ಞಾನ, ಇಂಗ್ಲಿಷಿಗೆ ಒಬ್ಬೊಬ್ಬ ಶಿಕ್ಷಕರು ಬರಲು ವರ್ಷಗಳು ಹಿಡಿಯುತ್ತವೆ. ಆ ನಡುವಿನ ಕಾಲವನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ.

ನನ್ನ ಮಟ್ಟಿಗೆ ಕಟ್ಟಡಕ್ಕಿಂತ ಹೆಚ್ಚು ಕಲಿಸಿದ್ದು ಸೈಕಲ್ಲು. 2006ರಲ್ಲಿ ಬಿಹಾರ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಟ್ಟಿತು. ಅರ್ಥಶಾಸ್ತ್ರಜ್ಞರು ಅಳೆದು ನೋಡಿದಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಶೇ 30ರಷ್ಟು ಏರಿತ್ತು. ಏರಿಕೆ ಹೆಚ್ಚಾಗಿ ಕಂಡದ್ದು ಶಾಲೆಯಿಂದ 3 ಕಿಲೋಮೀಟರ್‌ಗಿಂತ ದೂರದ ಹಳ್ಳಿಗಳಲ್ಲಿ. ‘ದೊಡ್ಡವಳಾದಳು, ಸಾಕು’ ಎಂಬ ಮನೆಯ ಮಾತಿನ ಹಿಂದೆ ಎಷ್ಟೋ ಸಲ ಇದ್ದದ್ದು ನಿರ್ಜನ ದಾರಿ. ಕರ್ನಾಟಕವೂ ಅದೇ ವರ್ಷಗಳಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಹಂಚತೊಡಗಿತ್ತು. ಕೊರೊನಾ ಬಂದ ಹೊತ್ತಿಗೆ ಅದು ನಿಂತಿತು.

ಗುಣಮಟ್ಟದ ಮಾತು ಬಂದರೆ ಎಲ್ಲರ ಕಣ್ಣು ಎಸ್‌ಎಸ್‌ಎಲ್‌ಸಿಯ ಮೇಲೆ. 2024ರಲ್ಲಿ ರಾಜ್ಯ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಹಾಕಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಅಂದರೆ ಹಿಂದಿನ ಅಂಕಿಗಳಲ್ಲಿ ಎಷ್ಟು ಕಾಳು, ಎಷ್ಟು ಜೊಳ್ಳು ಎಂದು ಯಾರೂ ನೋಡಿರಲಿಲ್ಲ. ಅದೇ ವರ್ಷದಿಂದ ಮೂರು ಪರೀಕ್ಷೆಗಳ ಅವಕಾಶ ಬಂತು. ಜರಡಿಯ ಕಣ್ಣು ದೊಡ್ಡದಾಯಿತು ನಿಜ, ಎಂಟನೆಯ ತರಗತಿಗೆ ಬಂದೂ ಸರಾಗವಾಗಿ ಓದಲಾರದ ಮಗುವಿನ ಕಷ್ಟ ಅದರಿಂದ ಕರಗಲಿಲ್ಲ.

2018ರಲ್ಲಿ ಮಾಧ್ಯಮಿಕ ಅಭಿಯಾನ ‘ಸಮಗ್ರ ಶಿಕ್ಷಣ’ ಎಂಬ ಕೇಂದ್ರದ ಯೋಜನೆಯಲ್ಲಿ ವಿಲೀನವಾಯಿತು. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. ಶಾಲೆ ಬದಲಿಸುವ ತೊಂದರೆಯನ್ನು ಅವು ತಪ್ಪಿಸುತ್ತವೆ, ಜೊತೆಗೆ ಊರಿನ ಸಣ್ಣ ಶಾಲೆ ಮುಚ್ಚೀತೆಂಬ ಭಯವನ್ನೂ ತರುತ್ತವೆ. 2020ರ ರಾಷ್ಟ್ರೀಯ ನೀತಿ 18 ವರ್ಷದವರೆಗಿನ ಎಲ್ಲರನ್ನೂ ಶಾಲೆಗೆ ತರುವ ಮಾತಾಡಿತು. ಕಾಯ್ದೆಯಲ್ಲಿ ಮಾತ್ರ ಇನ್ನೂ 14 ಎಂದೇ ಇದೆ. ಬಿಸಿಯೂಟಕ್ಕೆ ಕೇಂದ್ರದ ಹಣ ಎಂಟನೆಯ ತರಗತಿಗೆ ನಿಲ್ಲುತ್ತದೆ. ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳ ಊಟದ ಖರ್ಚನ್ನು ಕರ್ನಾಟಕ ತನ್ನ ಬೊಕ್ಕಸದಿಂದ ಭರಿಸುತ್ತಿದೆ. ತಟ್ಟೆ ಹಿಡಿದು ನಿಲ್ಲುವ ಸಾಲು ಒಂದೇ, ಮುಖ್ಯ ಶಿಕ್ಷಕರು ಬರೆದಿಡುವ ಲೆಕ್ಕ ಎರಡು.