ಹುಲ್ಲಿನ ಎತ್ತರ ನೋಡಿ ಹಕ್ಕಿ ಹುಡುಕಿ

ಅಮೆರಿಕದ ಡೆನ್ವರ್ ನಗರದ ಸುತ್ತಮುತ್ತ ಇರುವ ಕನ್ನಡಿಗರು ವಾರಾಂತ್ಯ ಬಂದರೆ ಪಶ್ಚಿಮಕ್ಕೆ, ರಾಕಿ ಬೆಟ್ಟಗಳ ಕಡೆಗೆ ಹೊರಡುತ್ತಾರೆ. ಮೇ ತಿಂಗಳಲ್ಲಿ ಒಮ್ಮೆಯಾದರೂ ಈಶಾನ್ಯಕ್ಕೆ ಹೋಗಿ ನೋಡಬೇಕು. ಎರಡು ಗಂಟೆ ಕಾರು ಓಡಿಸಿದರೆ ಮರಗಳು ಕಡಿಮೆಯಾಗುತ್ತಾ ಹೋಗಿ ಕೊನೆಗೆ ಬರೀ ಹುಲ್ಲು ಉಳಿಯುತ್ತದೆ. ಅದೂ ಗಿಡ್ಡ ಹುಲ್ಲು. ಎಷ್ಟೋ ಕಡೆ ಬೂಟು ಕೂಡ ಮುಚ್ಚುವುದಿಲ್ಲ. ಇದೇ ಪಾನೀ ರಾಷ್ಟ್ರೀಯ ಹುಲ್ಲುಗಾವಲು. ಸುಮಾರು 1,93,000 ಎಕರೆ ಸರ್ಕಾರಿ ಭೂಮಿ, ನಡುನಡುವೆ ಖಾಸಗಿ ಜಮೀನು. ಇಲ್ಲೇನಿದೆ ನೋಡೋಕೆ ಅನ್ನಿಸುವಷ್ಟು ಖಾಲಿ ಬಯಲು. ಆದರೆ ಉತ್ತರ ಅಮೆರಿಕದ ಬಯಲು ಬಿಟ್ಟು ಜಗತ್ತಿನ ಬೇರೆಲ್ಲೂ ಮರಿ ಮಾಡದ ಹಲವು ಹಕ್ಕಿಗಳು ಇಲ್ಲಿಗೆ ಬರುತ್ತವೆ.

ಹುಲ್ಲು ಇಷ್ಟು ಗಿಡ್ಡ ಯಾಕೆ? ಪಶ್ಚಿಮದಿಂದ ಬರುವ ಮೋಡಗಳು ರಾಕಿ ಬೆಟ್ಟಗಳ ಮೇಲೆಯೇ ಮಳೆ ಸುರಿಸಿಬಿಡುತ್ತವೆ. ಬೆಟ್ಟದ ಮರೆಯಲ್ಲಿರುವ ಈ ಬಯಲಿಗೆ ವರ್ಷಕ್ಕೆ ಸಿಗುವುದು 300ರಿಂದ 400 ಮಿಲಿಮೀಟರ್ ಅಷ್ಟೇ. ಪಶ್ಚಿಮ ಘಟ್ಟದ ಮರೆಯಲ್ಲಿ ನಮ್ಮ ಚಿತ್ರದುರ್ಗ, ಬಳ್ಳಾರಿಗಳಿಗೆ ಮಳೆ ಕಡಿಮೆಯಾಗಿರುವುದೂ ಇದೇ ಕಾರಣಕ್ಕೆ. ಬ್ಲೂ ಗ್ರಾಮ ಮತ್ತು ಬಫಲೋ ಗ್ರಾಸ್ ಎಂಬ ಎರಡು ಹುಲ್ಲುಗಳು ಇಲ್ಲಿ ಜಾಸ್ತಿ. ಇವು ತಮ್ಮ ಶಕ್ತಿಯನ್ನು ಬೇರಿನಲ್ಲೇ ಇಟ್ಟುಕೊಂಡಿರುತ್ತವೆ. ಮೇಲೆ ಎಷ್ಟು ಮೇಯ್ದರೂ ಮತ್ತೆ ಚಿಗುರುತ್ತವೆ. ಸಾವಿರಾರು ವರ್ಷ ಇವನ್ನು ಕಾಡೆಮ್ಮೆಯ ದೂರದ ಸಂಬಂಧಿಯಾದ ಬೈಸನ್ ಹಿಂಡುಗಳು ಮೇಯ್ದವು. ನೆಲದೊಳಗೆ ಊರು ಕಟ್ಟಿಕೊಂಡು ಬದುಕುವ ಪ್ರೇರಿ ಡಾಗ್ ಎಂಬ ಅಳಿಲಿನ ಜಾತಿಯ ಪ್ರಾಣಿ ತನ್ನ ಬಿಲಗಳ ಸುತ್ತ ಹುಲ್ಲನ್ನು ಬುಡಕ್ಕೇ ಕತ್ತರಿಸಿತು. ಸಿಡಿಲಿಗೆ ಬೆಂಕಿ ಬಿದ್ದು ಅಲ್ಲಲ್ಲಿ ಸುಟ್ಟಿತು. ಹೀಗಾಗಿ ದೂರದಿಂದ ಒಂದೇ ಸಮನೆ ಕಾಣುವ ಬಯಲು ಹತ್ತಿರ ಹೋದರೆ ತುಂಡು ತುಂಡು. ಒಂದು ಕಡೆ ಬರೀ ಮಣ್ಣು, ಪಕ್ಕದಲ್ಲಿ ಎರಡು ಬೆರಳು ಹುಲ್ಲು, ತಗ್ಗಿನಲ್ಲಿ ಮೊಣಕಾಲು ಮುಟ್ಟುವ ಹುಲ್ಲು, ಇನ್ನೊಂದು ಕಡೆ ಕುರುಚಲು.

ಹಕ್ಕಿ ಗುರುತಿಸಲು ಇಲ್ಲಿಂದಲೇ ಶುರು ಮಾಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಸಬರು ಬೈನಾಕ್ಯುಲರ್ ಹಿಡಿದು ಸೀದಾ ಹಕ್ಕಿ ಹುಡುಕುತ್ತಾರೆ. ಸಿಗುವುದೆಲ್ಲ ಕಂದು ಬಣ್ಣದ್ದೇ, ಎಲ್ಲವೂ ಒಂದೇ ಥರ. ಮೊದಲು ಹುಲ್ಲು ನೋಡಿ. ಇಲ್ಲಿನ ಒಂದೊಂದು ಹಕ್ಕಿಗೂ ತನ್ನದೇ ಎತ್ತರದ ಹುಲ್ಲು ಬೇಕು. ಎತ್ತರ ಗೊತ್ತಾದರೆ ಇಪ್ಪತ್ತು ಹೆಸರುಗಳ ಪಟ್ಟಿ ನಾಲ್ಕಕ್ಕೆ ಇಳಿಯುತ್ತದೆ.

ಬರೀ ಮಣ್ಣಿನಿಂದ ಶುರು ಮಾಡೋಣ. ಇಲ್ಲಿ ಹುಡುಕಬೇಕಾದದ್ದು ಮೌಂಟನ್ ಪ್ಲವರ್. ನಮ್ಮ ಟಿಟ್ಟಿಭದ ಕುಟುಂಬದ ಹಕ್ಕಿ, ಗಾತ್ರದಲ್ಲಿ ಚಿಕ್ಕದು. ಹೆಸರಿನಲ್ಲಿ ಬೆಟ್ಟವಿದ್ದರೂ ಇದು ಬಯಲಿನ ಹಕ್ಕಿ. 1830ರ ದಶಕದಲ್ಲಿ ಜಾನ್ ಕರ್ಕ್ ಟೌನ್‌ಸೆಂಡ್ ಎಂಬ ನಿಸರ್ಗ ವಿಜ್ಞಾನಿಗೆ ರಾಕಿ ಬೆಟ್ಟಗಳ ಹತ್ತಿರ ಸಿಕ್ಕಿದ್ದರಿಂದ ಆ ಹೆಸರು ಬಂತು. ಬೆನ್ನು ಪೂರ್ತಿ ಮಣ್ಣಿನ ಬಣ್ಣ, ಎದೆ ಹೊಟ್ಟೆ ಬಿಳಿ. ಸ್ವಲ್ಪ ದೂರ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಹುಳ ಹೆಕ್ಕುತ್ತದೆ, ಮತ್ತೆ ಓಡುತ್ತದೆ. ನಿಮ್ಮ ಕಡೆ ಮುಖ ಮಾಡಿದ್ದಾಗ ಬಿಳಿ ಎದೆ ಕಾಣುತ್ತದೆ. ಬೆನ್ನು ತಿರುಗಿಸಿ ಕುಳಿತರೆ ಮುಗಿಯಿತು, ಕಣ್ಣೆದುರೇ ಮಾಯ. ಅದಕ್ಕೇ ಅಲ್ಲಿನವರು ಇದನ್ನು ಬಯಲಿನ ಭೂತ ಎಂದೂ ಕರೆಯುತ್ತಾರೆ. ಅದೇ ಬಯಲಿನಲ್ಲಿ ಕಿಲ್‌ಡೀರ್ ಎಂಬ ಇನ್ನೊಂದು ಪ್ಲವರ್ ಕೂಡ ಇದೆ. ಅದರ ಎದೆಯ ಮೇಲೆ ಎರಡು ಕಪ್ಪು ಪಟ್ಟಿ. ಮೌಂಟನ್ ಪ್ಲವರ್‌ಗೆ ಪಟ್ಟಿಯೇ ಇಲ್ಲ. ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಇದರ ಸಂಸಾರವಂತೂ ನನಗೆ ಇವತ್ತಿಗೂ ಬೆರಗು. ಗೂಡು ಎಂದರೆ ನೆಲದಲ್ಲಿ ಕೆರೆದ ಒಂದು ಸಣ್ಣ ತಗ್ಗು, ಎಷ್ಟೋ ಸಲ ಒಣಗಿದ ಸಗಣಿಯ ಪಕ್ಕದಲ್ಲೇ. ಹೆಣ್ಣು ಮೂರು ಮೊಟ್ಟೆ ಇಟ್ಟು ಅದನ್ನು ಗಂಡಿಗೆ ಒಪ್ಪಿಸಿಬಿಡುತ್ತದೆ. ಆಮೇಲೆ ಬೇರೆ ಕಡೆ ಇನ್ನೊಂದು ತಗ್ಗು ಮಾಡಿ ಮತ್ತೆ ಮೂರು ಮೊಟ್ಟೆ ಇಟ್ಟು ತಾನೇ ಕಾವು ಕೊಡುತ್ತದೆ. ಒಂದೇ ಜೋಡಿ, ಎರಡು ಗೂಡು, ಗೂಡಿಗೆ ಒಬ್ಬರೇ ಪಾಲಕರು. ಆಲಿಕಲ್ಲು, ನರಿ, ಹಾವು ಯಾವಾಗ ಬೇಕಾದರೂ ಬರುವ ಜಾಗದಲ್ಲಿ ಎರಡರಲ್ಲಿ ಒಂದು ಗೂಡಾದರೂ ಉಳಿಯಲಿ ಎನ್ನುವ ಲೆಕ್ಕ ಚೆನ್ನಾಗಿಯೇ ಇದೆ ಅಲ್ವಾ? ಬಿಸಿಲು ಜೋರಾದರೆ ಹಕ್ಕಿ ಮೊಟ್ಟೆಗಳ ಮೇಲೆ ನಿಂತು ತನ್ನ ಮೈಯ ನೆರಳು ಕೊಡುತ್ತದೆ. ಇಲ್ಲಿ ಮೊಟ್ಟೆಗೆ ಚಳಿಗಿಂತ ಬಿಸಿಲೇ ಅಪಾಯ.

ಮಣ್ಣಿನ ಅಂಚಿನಲ್ಲಿ, ಎರಡು ಬೆರಳು ಹುಲ್ಲಿದ್ದರೆ ಅಲ್ಲಿ ಹಾರ್ನ್ಡ್ ಲಾರ್ಕ್ ಇದ್ದೇ ಇರುತ್ತದೆ. ಹಳದಿ ಮುಖ, ಕಣ್ಣಿನ ಕೆಳಗೆ ಕಪ್ಪು ಪಟ್ಟಿ, ತಲೆಯ ಮೇಲೆ ಕೊಂಬಿನ ಹಾಗೆ ಎರಡು ಸಣ್ಣ ಗರಿ. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಹಲವು ಬಗೆಯ ಲಾರ್ಕ್‌ಗಳಿವೆ. ಇಡೀ ಉತ್ತರ ಅಮೆರಿಕಕ್ಕೆ ಮೂಲದಿಂದ ಇರುವುದು ಇದೊಂದೇ. ಇದು ಗುಬ್ಬಿಯ ಹಾಗೆ ಕುಪ್ಪಳಿಸುವುದಿಲ್ಲ, ನಡೆಯುತ್ತದೆ. ದೂರದಿಂದ ಗುರುತಿಸಲು ಈ ನಡಿಗೆ ದೊಡ್ಡ ಸಹಾಯ.

ಇದೇ ಗಿಡ್ಡ ಹುಲ್ಲಿನಲ್ಲಿ ಥಿಕ್-ಬಿಲ್ಡ್ ಲಾಂಗ್‌ಸ್ಪರ್ ಎಂಬ ಗುಬ್ಬಿ ಗಾತ್ರದ ಹಕ್ಕಿ ಸಿಗುತ್ತದೆ. ಮೊದಲು ಇದಕ್ಕೆ ಜಾನ್ ಮೆಕೌನ್ ಎಂಬ ಸೇನಾಧಿಕಾರಿಯ ಹೆಸರಿತ್ತು. ಆತ ಮುಂದೆ ಗುಲಾಮಗಿರಿ ಉಳಿಸಲು ಹೋರಾಡಿದ ಕಾನ್ಫೆಡರೇಟ್ ಪಡೆಯಲ್ಲಿ ಜನರಲ್ ಆಗಿದ್ದ. 2020ರಲ್ಲಿ ಅಮೆರಿಕದ ಪಕ್ಷಿವಿಜ್ಞಾನಿಗಳ ಸಂಘ ಹೆಸರು ಬದಲಿಸಿತು. ಒಳ್ಳೆಯ ಕೆಲಸ. ಇದರ ಸೋದರ ಸಂಬಂಧಿಯಂತಿರುವ ಚೆಸ್ಟ್‌ನಟ್-ಕಾಲರ್ಡ್ ಲಾಂಗ್‌ಸ್ಪರ್‌ಗೆ ಸ್ವಲ್ಪ ಎತ್ತರದ ಹುಲ್ಲು ಬೇಕು, ತೇವ ನಿಲ್ಲುವ ತಗ್ಗು ಇಷ್ಟ. ಗಂಡುಗಳನ್ನು ಬೇರೆ ಮಾಡುವುದು ಸುಲಭ. ಕಾಲರ್ಡ್‌ನ ಹೊಟ್ಟೆ ಕಪ್ಪು, ಕುತ್ತಿಗೆಯ ಹಿಂದೆ ಕೆಂಗಂದು. ಹೆಣ್ಣುಗಳು ಎರಡೂ ಕಂದು. ಆಗ ಹಾರುವ ತನಕ ಕಾಯಬೇಕು, ಬಾಲ ನೋಡಬೇಕು. ಬಿಳಿ ಬಾಲದ ಮೇಲೆ ಕಪ್ಪು ಗುರುತು ತಲೆಕೆಳಗಾದ ಟಿ ಅಕ್ಷರದಂತಿದ್ದರೆ ಥಿಕ್-ಬಿಲ್ಡ್. ತ್ರಿಕೋನವಾಗಿದ್ದರೆ ಕಾಲರ್ಡ್. ಅರ್ಧ ಸೆಕೆಂಡಿನ ನೋಟ ಅದು, ಆದರೂ ಅಭ್ಯಾಸವಾದರೆ ಕಣ್ಣು ಹಿಡಿಯುತ್ತದೆ.

ಹಾಡಿನ ವಿಷಯವನ್ನೂ ಇಲ್ಲೇ ಹೇಳಬೇಕು. ಕಾಡಿನ ಹಕ್ಕಿ ಕೊಂಬೆಯ ತುದಿಯಲ್ಲಿ ಕುಳಿತು ಹಾಡುತ್ತದೆ. ಇಲ್ಲಿ ಕೊಂಬೆಯೇ ಇಲ್ಲ. ಹಾಗಾಗಿ ಬೇರೆ ಬೇರೆ ಕುಟುಂಬಗಳ ಹಕ್ಕಿಗಳೂ ಒಂದೇ ಉಪಾಯ ಕಂಡುಕೊಂಡಿವೆ. ಮೇಲಕ್ಕೆ ಹಾರಿ, ಆಕಾಶದಿಂದ ಹಾಡುತ್ತವೆ. ಥಿಕ್-ಬಿಲ್ಡ್ ಗಂಡು ಮೇಲೇರಿ, ರೆಕ್ಕೆಗಳನ್ನು ಎತ್ತಿ ಹಿಡಿದು, ಹಾಡುತ್ತಾ ತೇಲಿಕೊಂಡು ಇಳಿಯುತ್ತದೆ. ಹಾರ್ನ್ಡ್ ಲಾರ್ಕ್ ಕಣ್ಣಿಗೆ ಚುಕ್ಕಿಯಾಗುವಷ್ಟು ಎತ್ತರ ಹೋಗಿ ಹಾಡಿ, ರೆಕ್ಕೆ ಮಡಚಿ ನೇರ ಕೆಳಗೆ ಬೀಳುತ್ತದೆ. ಇಳಿಯುವ ಬಗೆ ಗೊತ್ತಿದ್ದರೆ ಬಣ್ಣ ಕಾಣದ ಬೆಳಕಿನಲ್ಲೂ ಹೆಸರು ಹೇಳಬಹುದು.

ಕುರುಚಲು ಗಿಡಗಳು ಶುರುವಾದ ಕಡೆ ಲಾರ್ಕ್ ಬಂಟಿಂಗ್. ಹೆಸರಿನಲ್ಲಿ ಲಾರ್ಕ್ ಇದ್ದರೂ ಇದು ಲಾರ್ಕ್ ಅಲ್ಲ. 1931ರಿಂದ ಇದು ಕೊಲೊರಾಡೊದ ರಾಜ್ಯಪಕ್ಷಿ. ಬೇಸಿಗೆಯಲ್ಲಿ ಗಂಡಿನ ಮೈ ಪೂರ್ತಿ ಕಪ್ಪು, ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆ. ಇದನ್ನು ತಪ್ಪಾಗಿ ಗುರುತಿಸಲು ಸಾಧ್ಯವೇ ಇಲ್ಲ. ಚಳಿಗಾಲಕ್ಕೆ ಅದೇ ಗಂಡು ಹೆಣ್ಣಿನ ಹಾಗೆ ಕಂದು ಗೀರುಗಳ ಹಕ್ಕಿಯಾಗುತ್ತದೆ. ಮಳೆ ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ಹೋಗುವ ಹಕ್ಕಿ ಇದು. ಒಂದು ವರ್ಷ ಬೇಲಿಯ ಉದ್ದಕ್ಕೂ ಕಂಡದ್ದು ಮರುವರ್ಷ ಅಲ್ಲಿ ಹುಡುಕಿದರೂ ಸಿಗದಿರಬಹುದು.

ಪ್ರೇರಿ ಡಾಗ್‌ಗಳ ಊರು ಕಂಡರೆ ಕಾರು ನಿಲ್ಲಿಸಿ. ಬಿಲದ ಬಾಯಲ್ಲಿ ಉದ್ದ ಕಾಲಿನ ಪುಟ್ಟ ಗೂಬೆಯೊಂದು ಹಗಲಲ್ಲೇ ನಿಂತಿರಬಹುದು. ಅದು ಬರೋಯಿಂಗ್ ಔಲ್. ನಮ್ಮ ಊರುಗಳಲ್ಲಿ ಕಾಣುವ ಹಾಲಕ್ಕಿಯೂ ಇದೂ ಒಂದೇ ಕುಲ. ಪ್ರೇರಿ ಡಾಗ್ ತೋಡಿದ ಬಿಲದಲ್ಲಿ ಇದರ ಸಂಸಾರ. ಬಿಲದ ಬಾಯಿಗೆ ಸಗಣಿ ತಂದು ಹರಡುತ್ತದೆ. ಯಾಕೆ ಎಂದು ಫ್ಲಾರಿಡಾದ ಸಂಶೋಧಕರು ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಸಗಣಿ ಇದ್ದ ಬಿಲಗಳ ಗೂಬೆಗಳು ಸಗಣಿ ಹುಳುಗಳನ್ನು ಹತ್ತು ಪಟ್ಟು ಜಾಸ್ತಿ ತಿಂದಿದ್ದವು. ಊಟವನ್ನು ಬಾಗಿಲಿಗೇ ಕರೆಸಿಕೊಳ್ಳುವ ಉಪಾಯ. ಬಿಲದೊಳಗಿನ ಮರಿಗಳು ಹೆದರಿದರೆ ಅಲ್ಲಿನ ರ‍್ಯಾಟಲ್ ಹಾವಿನಂತೆ ಸದ್ದು ಮಾಡುತ್ತವೆ. ಅಂದಹಾಗೆ, ನಿಜವಾದ ರ‍್ಯಾಟಲ್ ಹಾವುಗಳೂ ಇದೇ ಬಿಲಗಳ ಹತ್ತಿರ ಇರುತ್ತವೆ, ನೋಡಿಕೊಂಡು ಕಾಲಿಡಿ.

ಆಕಾಶದಲ್ಲಿ ಸುತ್ತುವ ದೊಡ್ಡ ಗಿಡುಗಗಳಲ್ಲಿ ಸ್ವೇನ್ಸನ್ಸ್ ಹಾಕ್ ಬಗ್ಗೆ ಒಂದು ಮಾತು. ಚಳಿಗಾಲಕ್ಕೆ ಇದು ಅರ್ಜೆಂಟೀನಾದವರೆಗೆ ಹಾರುತ್ತದೆ. 1990ರ ದಶಕದ ಮಧ್ಯದಲ್ಲಿ ಅಲ್ಲಿ ಮಿಡತೆಗೆ ಹೊಡೆದ ಮೊನೊಕ್ರೋಟೊಫಾಸ್ ವಿಷಕ್ಕೆ ಸಾವಿರಾರು ಹಕ್ಕಿಗಳು ಸತ್ತವು. ನಮ್ಮ ಹತ್ತಿ ಬೆಳೆಗಾರರಿಗೆ ಈ ಔಷಧಿಯ ಹೆಸರು ಚೆನ್ನಾಗಿ ಗೊತ್ತು. ಬೇಸಿಗೆಯ ಬಯಲು ಎಷ್ಟೇ ಚೆನ್ನಾಗಿದ್ದರೂ ಚಳಿಗಾಲದ ಜಾಗ ಕೆಟ್ಟರೆ ಹಕ್ಕಿ ಉಳಿಯುವುದಿಲ್ಲ.

ನೋಡುವ ಬಗೆ ಸರಳ. ಮೇ, ಜೂನ್ ಒಳ್ಳೆಯ ಕಾಲ. ಬೆಳಕು ಹರಿಯುವಾಗಲೇ ಅಲ್ಲಿರಬೇಕು. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗಿ ಬೈನಾಕ್ಯುಲರ್‌ನಲ್ಲಿ ಎಲ್ಲವೂ ಕಲಸಿದಂತೆ ಕಾಣುತ್ತದೆ. ಮಣ್ಣಿನ ರಸ್ತೆಯಲ್ಲಿ ನಿಧಾನ ಹೋಗಿ, ಎಂಜಿನ್ ಆರಿಸಿ, ಕಿಟಕಿ ಇಳಿಸಿ ಸುಮ್ನೆ ಕುಳಿತುಕೊಳ್ಳಿ. ಹಕ್ಕಿಗಳು ಕಾರಿಗೆ ಹೆದರುವುದಿಲ್ಲ, ಇಳಿದು ನಡೆಯುವ ಮನುಷ್ಯನಿಗೆ ಹೆದರುತ್ತವೆ. ಹೆಚ್ಚಿನ ಗೂಡುಗಳು ನೆಲದ ಮೇಲೇ ಇರುವುದರಿಂದ ಹುಲ್ಲಿನಲ್ಲಿ ಅಡ್ಡಾಡದಿರುವುದೇ ಒಳ್ಳೆಯದು. ಖಾಸಗಿ ಬೇಲಿ ದಾಟಬೇಡಿ. ಮಳೆ ಬಂದರೆ ಆ ರಸ್ತೆಗಳು ಕೆಸರಾಗಿ ಚಕ್ರ ಹೂತುಬಿಡುತ್ತವೆ.

ಈ ಹಕ್ಕಿಗಳು ವೇಗವಾಗಿ ಕಡಿಮೆಯಾಗುತ್ತಿವೆ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ 1970ರಿಂದೀಚೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಹುಲ್ಲುಗಾವಲಿನ ಹಕ್ಕಿಗಳ ಸಂಖ್ಯೆ ಶೇ. 53ರಷ್ಟು ಕುಸಿದಿದೆ. ಬೇರೆ ಯಾವ ನೆಲೆಯ ಹಕ್ಕಿಗಳೂ ಇಷ್ಟು ಕುಸಿದಿಲ್ಲ. ನೇಗಿಲು ಮುಖ್ಯ ಕಾರಣ. ಪಾನೀ ಹುಲ್ಲುಗಾವಲಿನ ಎಷ್ಟೋ ಜಾಗ ಒಮ್ಮೆ ಉತ್ತ ಹೊಲವೇ ಆಗಿತ್ತು. 1930ರ ದಶಕದ ಬರದಲ್ಲಿ ಮಣ್ಣೆಲ್ಲ ಗಾಳಿಗೆ ಹಾರಿಹೋಗಿ, ರೈತರು ಬಿಟ್ಟುಹೋದ ಮೇಲೆ ಸರ್ಕಾರ ಕೊಂಡುಕೊಂಡಿತು. ಖಾಲಿ ಕಾಣುವ ಹುಲ್ಲನ್ನು ಬಂಜರು ಎಂದುಕೊಳ್ಳುವುದು ನಮ್ಮಲ್ಲೂ ಇದೆ. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನಲ್ಲಿ ನೀಲಗಿರಿ ನೆಟ್ಟಿದ್ದು ಇದೇ ಮನಸ್ಸಿನಿಂದ.

ಬೇಲಿ ಹಾಕಿ ಸುಮ್ಮನೆ ಬಿಟ್ಟರೂ ಇಲ್ಲಿ ಕೆಲಸ ಆಗುವುದಿಲ್ಲ. ಹೊರಗಿನಿಂದ ಬಂದ ಪ್ಲೇಗ್ ರೋಗ ಪ್ರೇರಿ ಡಾಗ್‌ಗಳ ಊರಿಗೆ ಊರನ್ನೇ ಕೊಲ್ಲುತ್ತದೆ. ಕತ್ತರಿಸುವವರಿಲ್ಲದೆ ಹುಲ್ಲು ಬೆಳೆಯುತ್ತದೆ, ಮೌಂಟನ್ ಪ್ಲವರ್ ಜಾಗ ಖಾಲಿ ಮಾಡುತ್ತದೆ. ಆದ್ದರಿಂದ ಅಲ್ಲಿನ ಸಂಶೋಧಕರು ಮತ್ತು ಅರಣ್ಯ ಸಿಬ್ಬಂದಿ ಕೆಲವು ತುಂಡುಗಳಿಗೆ ತಾವೇ ಬೆಂಕಿ ಕೊಟ್ಟು ನೋಡಿದರು. ಸುಟ್ಟ ನೆಲಕ್ಕೆ ಪ್ಲವರ್‌ಗಳು ಬಂದು ಗೂಡು ಮಾಡಿದವು. ಹುಲ್ಲು ಮತ್ತೆ ಬೆಳೆದ ಮೇಲೆ ಆ ಜಾಗ ಅವಕ್ಕೆ ಬೇಡ, ಆಗ ಬೇರೆ ತುಂಡು ಸುಡಬೇಕು.