ಗ್ರೀಸ್‌ನ ಪುಟ್ಟ ಮೀನುಗಾರ ಬಂದರಿನಲ್ಲಿ ಯಾಟ್ ಕಟ್ಟುವಾಗ ಲಂಗರು ಎಲ್ಲಿ ಬಿಡಬೇಕು?

ಓದುಗರ ಪ್ರಶ್ನೆ: ನಮ್ಮದು 12 ಮೀಟರ್ ಉದ್ದದ ಬಾಡಿಗೆ ಯಾಟ್. ಕೆಫಲೋನಿಯಾ ದ್ವೀಪದ ಫಿಸ್ಕಾರ್ಡೊಗೆ ಹೋಗುವವರಿದ್ದೇವೆ. ಅಲ್ಲಿ ದೋಣಿಯ ಬೆನ್ನನ್ನು ದಕ್ಕೆಗೆ ಕೊಟ್ಟು ಕಟ್ಟಬೇಕಂತೆ. ಲಂಗರು ಜಾರದಿರಲು ಏನು ಮಾಡಬೇಕು?

ಉತ್ತರ: ಲಂಗರು ಜಾರುವುದಕ್ಕೆ ಹೆಚ್ಚಾಗಿ ಒಂದೇ ಕಾರಣ, ಅದನ್ನು ದಕ್ಕೆಗೆ ತೀರಾ ಹತ್ತಿರ ಬಿಟ್ಟಿರುವುದು. ದೋಣಿಯ ಉದ್ದದ ನಾಲ್ಕು ಪಟ್ಟು ದೂರದಲ್ಲಿ, ಅಂದರೆ ಮೂತಿ (ದೋಣಿಯ ಮುಂತುದಿ) ದಕ್ಕೆಯಿಂದ ಸುಮಾರು 48 ಮೀಟರ್ ಆಚೆ ಇರುವಾಗಲೇ ಬಿಡಿ.

ಲೆಕ್ಕ ಹೀಗೆ. ಕಟ್ಟಿ ನಿಂತ ಮೇಲೆ ಮೂತಿಯೇ ದಕ್ಕೆಯಿಂದ 13 ಮೀಟರ್ ದೂರದಲ್ಲಿರುತ್ತದೆ (ದೋಣಿಯುದ್ದ 12, ಹಿಂಬದಿಯ ಅಂತರ 1). ಉಳಿದ 35 ಮೀಟರಷ್ಟೇ ಸರಪಳಿಯ ಪಾಲು. ನೀರಿನ ಆಳ 5 ಮೀಟರ್, ಮೂತಿಯ ಎತ್ತರ 1 ಮೀಟರ್ ಎಂದುಕೊಂಡರೆ ಒಟ್ಟು 6 ಮೀಟರ್, ಸರಪಳಿ ಅದರ ಸುಮಾರು ಆರು ಪಟ್ಟು ಉದ್ದವಾಯಿತು. ಅದು ತಳದಲ್ಲಿ ಮಲಗಿ ಲಂಗರನ್ನು ಅಡ್ಡಡ್ಡ ಎಳೆಯುತ್ತದೆ, ಲಂಗರು ಕಚ್ಚಿಕೊಳ್ಳುತ್ತದೆ. 25 ಮೀಟರ್ ದೂರದಲ್ಲಿ ಬಿಟ್ಟರೆ ಸಿಗುವುದು ಬರೀ 12 ಮೀಟರ್, ಎರಡು ಪಟ್ಟು. ಆಗ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ.

ತಳವನ್ನೂ ನೋಡಿಕೊಳ್ಳಿ. ನೀರಿನಡಿ ಕಪ್ಪಾಗಿ ಕಾಣುವುದು ಪೊಸಿಡೋನಿಯಾ ಎಂಬ ಕಡಲಹುಲ್ಲು. ಅದರ ಮೇಲೆ ಲಂಗರು ಕಚ್ಚುವುದಿಲ್ಲ, ಹುಲ್ಲೂ ಹಾಳಾಗುತ್ತದೆ. ತಿಳಿ ಬಣ್ಣದ ಮರಳಿನ ಜಾಗ ಹುಡುಕಿ.

ಒಳಗೆ ಹೋಗುವ ಮುನ್ನವೇ ಎರಡೂ ಬದಿಗೆ ಫೆಂಡರ್ (ಪಕ್ಕದ ದೋಣಿ ಉಜ್ಜದಂತೆ ತಡೆಯುವ ಮೆತ್ತೆ) ಇಳಿಬಿಡಿ, ಹಿಂಬದಿಯ ಎರಡು ಹಗ್ಗಗಳನ್ನು ಸುತ್ತಿ ಸಿದ್ಧವಾಗಿಡಿ. ಒಂದೇ ಪ್ರೊಪೆಲ್ಲರ್ ಇರುವ ಬಹಳಷ್ಟು ದೋಣಿಗಳು ರಿವರ್ಸ್ ಹಾಕಿದೊಡನೆ ಒಂದು ಪಕ್ಕಕ್ಕೆ, ಸಾಮಾನ್ಯವಾಗಿ ಎಡಕ್ಕೆ, ಎಳೆಯುತ್ತವೆ. ನಿಮ್ಮದು ಎತ್ತ ಎಳೆಯುತ್ತದೆಂದು ಹೊರಗಿನ ಬಯಲು ನೀರಿನಲ್ಲೇ ಪರೀಕ್ಷಿಸಿ. ವೇಗ ಬರುವ ತನಕ ಚುಕ್ಕಾಣಿ ಮಾತು ಕೇಳುವುದಿಲ್ಲ. ಆದ್ದರಿಂದ ದೂರದಿಂದಲೇ ನೇರ ಮಾಡಿಕೊಂಡು ಹಿಂದೆ ಬನ್ನಿ. ಸರಪಳಿ ಸಡಿಲವಾಗಿ ಓಡುತ್ತಿರಲಿ, ಮೂತಿಯಲ್ಲಿದ್ದವರು ನಡುವೆ ತಡೆದರೆ ದೋಣಿ ಅಡ್ಡ ತಿರುಗುತ್ತದೆ. ದಕ್ಕೆಗೆ ಒಂದು ದೋಣಿಯುದ್ದ ಉಳಿದಾಗ ಸರಪಳಿ ಬಿಗಿಹಿಡಿಯಿರಿ, ವೇಗ ತಾನಾಗಿ ಇಳಿಯುತ್ತದೆ. ಮೊದಲು ಗಾಳಿ ಬರುವ ಬದಿಯ ಹಗ್ಗ, ಆಮೇಲೆ ಇನ್ನೊಂದು. ಕೊನೆಗೆ ಸರಪಳಿ ಎಳೆದು ಬಿಗಿ ಮಾಡಿ. ಎಳೆದಷ್ಟೂ ಸಲೀಸಾಗಿ ಬರುತ್ತಲೇ ಇದ್ದರೆ ಲಂಗರು ಕಚ್ಚಿಲ್ಲ ಎಂದೇ ಅರ್ಥ, ಬೇಸರಪಡದೆ ಮತ್ತೆ ಮೊದಲಿನಿಂದ ಮಾಡಿ. ಹಿಂಬದಿಗೂ ಕಲ್ಲಿಗೂ ನಡುವೆ ಒಂದು ಮೀಟರಾದರೂ ಇರಲಿ. ಹಳೆಯ ದಕ್ಕೆಗಳ ಬುಡದಲ್ಲಿ ಕಲ್ಲುಗುಂಡುಗಳು ನೀರೊಳಗೆ ಮುಂದಕ್ಕೆ ಚಾಚಿರುತ್ತವೆ, ಚುಕ್ಕಾಣಿಗೆ ತಗುಲುತ್ತವೆ.

ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನಕ್ಕೆ ಮೊದಲೇ ತಲುಪುವುದು ಒಳ್ಳೆಯದು. ಅಯೋನಿಯನ್ ಕಡಲಿನಲ್ಲಿ ಮಧ್ಯಾಹ್ನದ ಮೇಲೆ ಮಾಯಿಸ್ತ್ರೊ ಎಂಬ ವಾಯವ್ಯ ಗಾಳಿ ಏಳುತ್ತದೆ, ದಕ್ಕೆಯೂ ತುಂಬಿರುತ್ತದೆ.

ಹಳದಿ ಬಲೆ ರಾಶಿ ಹಾಕಿರುವ ಜಾಗ ಮೀನುಗಾರರದು. ಕಾಯಿಕಿ ಎಂಬ ಅವರ ಮರದ ದೋಣಿ ಅಲ್ಲಿಲ್ಲವೆಂದರೆ ಕಡಲಿಗೆ ಹೋಗಿದೆ ಅಷ್ಟೇ, ಜಾಗ ಖಾಲಿಯೆಂದಲ್ಲ. ಕೇಳದೆ ಕಟ್ಟಬೇಡಿ. ಅದು ಅವರ ಅನ್ನದ ಜಾಗ. ಬಲೆಯನ್ನು ತುಳಿಯಲೂಬೇಡಿ.

ಹೊರಡುವಾಗ ನಿಮ್ಮ ಲಂಗರಿನ ಜೊತೆ ಪಕ್ಕದವರ ಸರಪಳಿಯೂ ಎದ್ದುಬಂದರೆ ಗಾಬರಿ ಬೇಡ. ಒಂದು ಹಗ್ಗವನ್ನು ಅವರ ಸರಪಳಿಯ ಅಡಿಯಿಂದ ತೂರಿಸಿ, ಎರಡೂ ತುದಿಗಳನ್ನು ನಿಮ್ಮ ಮೂತಿಗೆ ಕಟ್ಟಿ. ಈಗ ನಿಮ್ಮ ಲಂಗರನ್ನು ತುಸು ಇಳಿಸಿದರೆ ಅವರ ಸರಪಳಿಯ ಭಾರ ಹಗ್ಗಕ್ಕೆ ಬಿದ್ದು ಲಂಗರು ಕಳಚಿಕೊಳ್ಳುತ್ತದೆ. ಲಂಗರನ್ನು ಪೂರ್ತಿ ಮೇಲೆತ್ತಿಕೊಂಡ ಮೇಲಷ್ಟೇ ಹಗ್ಗದ ಒಂದು ತುದಿ ಬಿಡಿ. ಈ ಕೆಲಸದುದ್ದಕ್ಕೂ ಸರಪಳಿಗೆ ಬೆರಳು ತಾಗಿಸಬೇಡಿ.